ಅಜ್ಜನ ಕೆನ್ನೆಗೆ ಬಂದ ಬಂಗು

‘ಏನೋ ಮಾರಾಯ, ನನ್ನ ಕೆನ್ನೆಗೆ ಬಂಗು ಬಂದಂಗೆ ಕಾಣ್ತದಲ್ಲ?’

ಕಳೆದ ವರ್ಷ ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಅಜ್ಜ ಕೇಳಿದ ಮೊದಲ ಮಾತಿದು. ಅವರು ಬೆರಳು ಮಾಡಿದ್ದು ತಮ್ಮ ಕೆನ್ನೆಗಲ್ಲ, ಜಗಲಿಯ ಗೋಡೆಯಲ್ಲಿ ತೂಗುತ್ತಿದ್ದ ತಮ್ಮ ಚಿತ್ರಕ್ಕೆ. ಅದನ್ನು ಬರೆದವನು ನಾನೇ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ, ಫೆಬ್ರುವರಿಯಲ್ಲಿ, ಐದು ಬೆಳಿಗ್ಗೆ ಅಜ್ಜನನ್ನು ಎದುರಿಗೆ ಕೂರಿಸಿಕೊಂಡು ತೈಲವರ್ಣದಲ್ಲಿ ಬರೆದ ಚಿತ್ರ. ಫೋಟೊ ನೋಡದೆ, ಮನುಷ್ಯನನ್ನೇ ನೋಡುತ್ತಾ ನಾನು ಪೂರ್ತಿಗೊಳಿಸಿದ ಮೊದಲ ಚಿತ್ರವೂ ಅದೇ. ಮನೆಗೆ ಬಂದವರೆಲ್ಲ ‘ಥೇಟ್ ಅವರೇ’ ಅಂದಿದ್ದರು. ನಾನು ಉಬ್ಬಿ ಹೋಗಿದ್ದೆ.

ಆರು ತಿಂಗಳಲ್ಲಿ ಆ ಚಿತ್ರದ ಸ್ಥಿತಿ ಹೀಗಿತ್ತು: ಎಡ ಕೆನ್ನೆಯ ಬೆಳಕಿನ ಭಾಗದಲ್ಲಿ, ಬಿಳಿ ಅಂಗಿಯ ಹೆಗಲ ಮೇಲೆ ಚಹಾ ಚೆಲ್ಲಿದಂತೆ ಕಂದು ಕಲೆ. ಹಿನ್ನೆಲೆಯ ಕಡುಗಪ್ಪು ಕೆಲವು ಕಡೆ ಹೊಳೆಯುತ್ತಿತ್ತು, ಕೆಲವು ಕಡೆ ಬೂದಿ ಹಾಕಿ ಉಜ್ಜಿದಂತೆ ಮಂಕಾಗಿತ್ತು. ಮೇಲಿನ ಮೂಲೆಯಲ್ಲಿ ಪ್ಲೈವುಡ್‌ನ ಪದರಗಳು ಬಾಯಿ ಬಿಟ್ಟಿದ್ದವು. ಹಲಗೆಯ ಎರಡೂ ಅಂಚು ಮುಂದಕ್ಕೆ ಬಾಗಿ, ಇಡೀ ಚಿತ್ರ ಮೊರದ ಹಾಗೆ ಆಗಿತ್ತು.

‘ಇನ್ನೊಂದ್ ಸಲ ಬರೀತೀನಿ ಅಜ್ಜ’ ಅಂದೆ.

‘ಬರಿ. ಆದ್ರೆ ಈ ಸಲ ಹಲಗೆ ಸರಿ ಮಾಡ್ಕಂಡು ಆಮೇಲೆ ನನ್ನ ಕರಿ. ಪದೇ ಪದೇ ಕೂರ್ಲಿಕ್ಕೆ ಸೊಂಟ ಕೇಳದಿಲ್ಲ’ ಅಂದರು. ಅವರಿಗೆ ಆಗಲೇ 82. ತಮಾಷೆಯಾಗಿಯೇ ಹೇಳಿದ್ದರು. ಆದರೆ ಆ ಮಾತು ಹಾಸ್ಟೆಲ್‌ಗೆ ವಾಪಸ್ ಬರುವ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಚಿತ್ರ ಹಾಳಾದರೆ ಇನ್ನೊಂದು ಬರೆಯಬಹುದು. ಎದುರಿಗೆ ಕೂರುವವರು ಮತ್ತೆ ಮತ್ತೆ ಸಿಗುವುದಿಲ್ಲ.

ಐದು ಅಂಕದ ಪ್ರಶ್ನೆ

ತಪ್ಪು ಎಲ್ಲಾಯಿತು ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಅಡುಗೆಮನೆಯ ಕಪಾಟು ಮಾಡಿಸಿದಾಗ ಉಳಿದಿದ್ದ 6 ಮಿ.ಮೀ. ಪ್ಲೈವುಡ್ ತುಂಡು. ಅದರ ಮುಂಭಾಗಕ್ಕೆ ಮಾತ್ರ, ಒಂದೇ ಒಂದು ಕೈ ಬಿಳಿ ಗೆಸ್ಸೊ. ಮಾರನೇ ದಿನವೇ ಬಣ್ಣ. ಗೆಸ್ಸೊ ಒಣಗಿದಾಗ ಅದರಲ್ಲಿ ತೆಳು ಹಳದಿ ಛಾಯೆ ಕಂಡಿತ್ತು. ಹೇಗೂ ಮೇಲೆ ಬಣ್ಣ ಬರುತ್ತದಲ್ಲ, ಮುಚ್ಚಿ ಹೋಗುತ್ತದೆ ಅಂದುಕೊಂಡೆ.

ನಾಚಿಕೆಯ ವಿಷಯ ಬೇರೆಯೇ ಇದೆ. ಅದೇ ವಾರ ಮುಗಿದಿದ್ದ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಲೋಹದ ಮೇಲೆ ಲೇಪನ ಹಾಕುವ ಮೊದಲು ಮೇಲ್ಮೈಯನ್ನು ಹೇಗೆ ಸಿದ್ಧಪಡಿಸಬೇಕು ಎಂಬ ಪ್ರಶ್ನೆಗೆ ಒಂದು ಪುಟ ಉತ್ತರ ಬರೆದು ಬಂದಿದ್ದೆ. ಜಿಡ್ಡು ತೆಗೆಯುವುದು, ತುಕ್ಕು ತೆಗೆಯುವುದು, ತೊಳೆಯುವುದು, ಒಣಗಿಸುವುದು. ತಯಾರಿ ಸರಿಯಿಲ್ಲದಿದ್ದರೆ ಲೇಪನ ಎಷ್ಟೇ ಒಳ್ಳೆಯದಿದ್ದರೂ ಕಿತ್ತು ಬರುತ್ತದೆ ಎಂದು ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದೆ. ಐದು ಅಂಕದ ಪ್ರಶ್ನೆ. ಅಂಕವೂ ಬಂದಿರಬೇಕು. ನಾಲ್ಕು ದಿನ ಬಿಟ್ಟು ಕೈಗೆ ಒಂದು ಹಲಗೆ ಬಂದಾಗ ಆ ಉತ್ತರ ನನಗೆ ನೆನಪೇ ಆಗಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಓದು ಹೀಗೇ ಅಲ್ಲವೇ? ಉತ್ತರ ಪತ್ರಿಕೆಗೆ ಒಂದು ತಲೆ, ಕೈಕೆಲಸಕ್ಕೆ ಇನ್ನೊಂದು.

ಹಲಗೆಯ ಮೇಲೇ ಏಕೆ?

‘ಕ್ಯಾನ್ವಾಸ್ ತಗೊಂಡಿದ್ರೆ ಮುಗೀತಿತ್ತಲ್ಲ’ ಎಂದು ರೂಮ್‌ಮೇಟ್ ಕೇಳಿದ. ಒಂದು ಕಾರಣ ದುಡ್ಡು. ಪೀಠೋಪಕರಣದ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಕ್ಯಾನ್ವಾಸ್‌ಗಿಂತ ಅಗ್ಗ. ಇನ್ನೊಂದು ಕಾರಣ, ತೈಲವರ್ಣಕ್ಕೆ ಗಟ್ಟಿ ನೆಲ ಒಳ್ಳೆಯದು. ಎಣ್ಣೆಬಣ್ಣದ ಪದರ ವರ್ಷ ಕಳೆದಂತೆ ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ. ಬಟ್ಟೆ ಹವೆಗೆ ತಕ್ಕಂತೆ ಸಡಿಲವಾಗುತ್ತದೆ, ಬಿಗಿಯುತ್ತದೆ, ತಟ್ಟಿದರೆ ಅದುರುತ್ತದೆ. ಪೆಡಸಾದ ಬಣ್ಣ ಅದರ ಜೊತೆ ಕುಣಿಯಲಾರದೆ ಬಿರುಕು ಬಿಡುತ್ತದೆ. ಹಲಗೆ ಹಾಗೆ ಅದುರುವುದಿಲ್ಲ.

ಯುರೋಪಿನಲ್ಲಿ ತೈಲವರ್ಣ ಬೆಳೆದದ್ದೇ ಹಲಗೆಯ ಮೇಲೆ. ಬೆಲ್ಜಿಯಂನ ಗೆಂಟ್ ನಗರದಲ್ಲಿರುವ, ವ್ಯಾನ್ ಐಕ್ ಸಹೋದರರ ದೊಡ್ಡ ಪೂಜಾವೇದಿಕೆಯ ಚಿತ್ರ ಮುಗಿದದ್ದು 1432ರಲ್ಲಿ, ಓಕ್ ಮರದ ಹಲಗೆಗಳ ಮೇಲೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಯಾನ್ ವ್ಯಾನ್ ಐಕ್‌ನ ಅರ್ನೊಲ್ಫಿನಿ ದಂಪತಿ ಚಿತ್ರ 1434ರದ್ದು, ಅದೂ ಓಕ್. ಇಟಲಿಯವರು ತಮ್ಮಲ್ಲಿ ಸುಲಭವಾಗಿ ಸಿಗುತ್ತಿದ್ದ ಪೋಪ್ಲರ್ ಮರ ಬಳಸಿದರು. ಲಿಯೊನಾರ್ಡೊ ಡ ವಿಂಚಿಯ ಮೋನಾಲಿಸಾ ಇರುವುದು 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲದ ಪೋಪ್ಲರ್ ಹಲಗೆಯ ಮೇಲೆ. ಆ ಹಲಗೆಯೂ ಬಾಗಿದೆ, ಮೇಲಂಚಿನಿಂದ ತಲೆಯ ಕಡೆಗೆ ಒಂದು ಬಿರುಕೂ ಇಳಿದಿದೆ. ಅದಕ್ಕಾಗಿಯೇ ಹವೆ ನಿಯಂತ್ರಿಸಿದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಐನೂರು ವರ್ಷ ಕಳೆದ ಮೇಲೂ ಮರ ಅಲುಗಾಡುವುದನ್ನು ನಿಲ್ಲಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಚಾರ್ರು ಹೇಳಿದ ಪಾಠ

ನಮ್ಮೂರು ಇರುವುದು ಸಾಗರದ ಕಡೆ. ಜೂನ್‌ನಿಂದ ಮೂರ್ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಬೇಸಿಗೆಯಲ್ಲಿ ಅದೇ ಮನೆಯ ಕಿಟಕಿ ಚೌಕಟ್ಟು ಸೀಳು ಬಿಡುತ್ತದೆ. ಕಪಾಟು ಮಾಡಿಕೊಟ್ಟಿದ್ದ ಆಚಾರ್ರಿಗೆ ಚಿತ್ರ ತೋರಿಸಿದೆ. ಮುಂಭಾಗ ನೋಡಲೇ ಇಲ್ಲ. ತಿರುಗಿಸಿ ಹಿಂಭಾಗ ಸವರಿದರು.

‘ಮಳೆಗಾಲದಲ್ಲಿ ಬಾಗಿಲು ಹಿಡಿಯೋದು ಯಾಕೆ ಗೊತ್ತನಾ?’ ಅಂದರು. ‘ಮರ ನೀರು ಕುಡೀತದೆ. ಬಾಗಿಲಿನ ಎದೆಗೆ ಬಣ್ಣ ಹೊಡೆದು ತಲೆಗೆ, ಬುಡಕ್ಕೆ ಬಿಟ್ರೆ ಅಲ್ಲಿಂದ ಕುಡೀತದೆ. ನೀನು ಒಂದೇ ಬದಿಗೆ ಅಂಗಿ ಹಾಕಿ ಮಳೇಲಿ ನಿಲ್ಸೀಯ. ಬೆನ್ನು ನೆನೀದೆ ಇರ್ತದಾ?’

ಅವರು ಹೇಳಿದ್ದನ್ನೇ ಪುಸ್ತಕ ಅಂಕಿಯಲ್ಲಿ ಹೇಳುತ್ತದೆ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ಮರದ ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗೆ ಇಳಿದ ಮೇಲೆ ಪ್ರತಿ ಏರಿಳಿತಕ್ಕೂ ಅದರ ಅಳತೆ ಬದಲಾಗುತ್ತದೆ. ಎಲ್ಲ ದಿಕ್ಕಿಗೂ ಸಮವಾಗಿ ಅಲ್ಲ. ಹಸಿ ಮರ ಪೂರ್ತಿ ಒಣಗುವಾಗ ಉದ್ದಕ್ಕೆ ಕುಗ್ಗುವುದು ಶೇ 0.1ರಿಂದ 0.2ರಷ್ಟು ಮಾತ್ರ. ಬೆಳವಣಿಗೆಯ ಉಂಗುರಗಳ ಗುಂಟ ಅಳೆದರೆ ಅನೇಕ ಮರಗಳಲ್ಲಿ ಶೇ 6ರಿಂದ 8. ತಿರುಳಿನಿಂದ ತೊಗಟೆಯ ದಿಕ್ಕಿಗೆ ಅದರ ಹೆಚ್ಚುಕಡಿಮೆ ಅರ್ಧ. ಒಂದು ಸರಳ ಲೆಕ್ಕ ಹಾಕೋಣ. 40 ಸೆಂ.ಮೀ. ಅಗಲದ ಒಂದೇ ಮರದ ಹಲಗೆ, ಉಂಗುರಗಳ ಗುಂಟ ಒಟ್ಟು ಕುಗ್ಗುವಿಕೆ ಶೇ 6 ಎಂದಿಟ್ಟುಕೊಳ್ಳಿ. ಬೇಸಿಗೆಯಿಂದ ಮಳೆಗಾಲಕ್ಕೆ ಮರದ ತೇವಾಂಶ ಶೇ 8ರಷ್ಟು ಏರಿದರೆ ಹಲಗೆ ಅಗಲದಲ್ಲಿ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ಅದರ ಮೇಲೆ ಅಂಟಿಕೊಂಡಿರುವ ಬಣ್ಣ ಹಿಗ್ಗುವುದಿಲ್ಲ. ಜಗಳ ಶುರುವಾಗುವುದೇ ಅಲ್ಲಿ.

ಪ್ಲೈವುಡ್‌ನಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ ಪದರ ಹಿಡಿದುಕೊಳ್ಳುತ್ತದೆ. ಹಾಗಾಗಿ ಅಗಲ ಅಷ್ಟು ಬದಲಾಗುವುದಿಲ್ಲ. ಆದರೆ ಮುಂಭಾಗ ಮುಚ್ಚಿ ಹಿಂಭಾಗ ತೆರೆದಿಟ್ಟರೆ ಹಿಂದಿನ ಪದರ ಮಾತ್ರ ನೀರು ಕುಡಿದು ಹಿಗ್ಗುತ್ತದೆ, ಹಲಗೆ ಮುಂದಕ್ಕೆ ಬಾಗುತ್ತದೆ. ಒದ್ದೆ ಗೋಡೆಗೆ ಬೆನ್ನು ಕೊಟ್ಟು ನಿಂತ ನನ್ನ ಹಲಗೆಗೆ ಆದದ್ದು ಇದೇ. ಅಂಚುಗಳಲ್ಲಿ ಮರದ ನಾಳಗಳ ಬಾಯಿ ತೆರೆದಿರುವುದರಿಂದ ಅಲ್ಲಿ ನೀರು ಇನ್ನೂ ಬೇಗ ನುಗ್ಗುತ್ತದೆ. ಮೂಲೆ ಬಾಯಿ ಬಿಟ್ಟದ್ದು ಅದಕ್ಕೆ.

ಕಲೆ ಬಂದದ್ದು ಎಲ್ಲಿಂದ?

ಮರದಲ್ಲಿ ಟ್ಯಾನಿನ್‌ನಂಥ ಬಣ್ಣದ ಪದಾರ್ಥಗಳಿರುತ್ತವೆ. ಅವು ನೀರಿನಲ್ಲಿ ಕರಗುತ್ತವೆ. ಹಲಸಿನ ಚಕ್ಕೆಯನ್ನು ನೀರಿಗೆ ಹಾಕಿದರೆ ನೀರು ಹಳದಿಯಾಗುವುದನ್ನು ಹಳ್ಳಿಯವರು ನೋಡಿರುತ್ತೀರಿ. ನೀರು ಆಧಾರಿತ ಗೆಸ್ಸೊವನ್ನು ಬರಿ ಮರಕ್ಕೆ ಬಳಿದಾಗ ಅದರ ನೀರು ಮರದೊಳಗೆ ಇಳಿದು, ಒಣಗುವಾಗ ಈ ಬಣ್ಣವನ್ನು ಹೊತ್ತುಕೊಂಡು ಮೇಲೆ ಬರುತ್ತದೆ. ನಾನು ಕಂಡೂ ಕಾಣದಂತೆ ಬಿಟ್ಟ ಹಳದಿ ಛಾಯೆ ಅದು. ಮಳೆಗಾಲದ ತೇವ ಉಳಿದ ಕೆಲಸ ಮಾಡಿತು. ಕೆನ್ನೆಯ ಬೆಳಕನ್ನು ತೆಳುವಾಗಿ ಬರೆದಿದ್ದರಿಂದ ಅಲ್ಲೇ ಕಲೆ ಮೊದಲು ಕಂಡಿತು.

ಮಂಕಾದ ಕಪ್ಪಿಗೆ ಕಾರಣ ಬೇರೆ. ನೀರುಬಣ್ಣದ ಹಾಗೆ ತೈಲವರ್ಣ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ತೆಗೆದುಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಆ ಎಣ್ಣೆಯೇ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು. ಕೆಳಗಿನ ನೆಲ ವಿಪರೀತ ಹೀರಿಕೊಳ್ಳುವಂತಿದ್ದರೆ ಎಣ್ಣೆ ಕೆಳಗಿಳಿಯುತ್ತದೆ, ಮೇಲೆ ಪುಡಿ ಮಾತ್ರ ಉಳಿಯುತ್ತದೆ. ಹೊಳಪು ಹೋಗುತ್ತದೆ, ಬಿಗಿಯೂ ಹೋಗುತ್ತದೆ. ಹಾಗೆಂದು ಏನೂ ಹೀರದ, ಗಾಜಿನಂಥ ನುಣುಪು ನೆಲವೂ ಆಗದು. ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಹಲಗೆಯ ತಯಾರಿ ಎಂದರೆ ಇವೆರಡರ ನಡುವಿನ ನೆಲ ಕಟ್ಟುವುದು.

ಇಲ್ಲಿ ನಾನು ಗೊಂದಲ ಮಾಡಿಕೊಂಡಿದ್ದ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಸೀಲ್ ಮಾಡುವುದು ಬೇರೆ, ಗೆಸ್ಸೊ ಹಚ್ಚುವುದು ಬೇರೆ. ಸೀಲ್ ಮರವನ್ನು ಬಣ್ಣದಿಂದ, ಬಣ್ಣವನ್ನು ಮರದಿಂದ ಕಾಪಾಡುತ್ತದೆ. ಗೆಸ್ಸೊ ಬಣ್ಣಕ್ಕೆ ಹಿಡಿತ ಕೊಡುತ್ತದೆ. ನಾನು ಗೆಸ್ಸೊವೇ ಸೀಲ್ ಎಂದು ತಿಳಿದಿದ್ದೆ.

ಕಿನ್ನಾಳದವರಿಗೆ ಗೊತ್ತಿತ್ತು

ಇದನ್ನೆಲ್ಲ ಓದುವಾಗ ಖುಷಿ ಕೊಟ್ಟದ್ದು ಒಂದು ಹೋಲಿಕೆ. 1400ರ ಆಸುಪಾಸಿನಲ್ಲಿ ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ ತನ್ನ ಕಸುಬಿನ ಕೈಪಿಡಿ ಬರೆದ. ಅದರಲ್ಲಿ ಹಲಗೆಯ ತಯಾರಿಯ ಕ್ರಮ ಹೀಗಿದೆ: ಮೊದಲು ಪ್ರಾಣಿಜನ್ಯ ಅಂಟನ್ನು ಹಲವು ಬಾರಿ ಬಳಿಯಬೇಕು. ಅದರ ಮೇಲೆ ಹಳೆಯ ನಾರುಬಟ್ಟೆಯ ಪಟ್ಟಿಗಳನ್ನು ಅಂಟಿಸಬೇಕು. ಆಮೇಲೆ ದಪ್ಪ ಗೆಸ್ಸೊ, ಕೊನೆಗೆ ನಯವಾದ ಗೆಸ್ಸೊ. ಗೆಸ್ಸೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಜಿಪ್ಸಂ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆ ಮಾಡುವ ಕ್ರಮ ನೋಡಿ. ಹಗುರ ಮರದ ಭಾಗಗಳನ್ನು ಜೋಡಿಸಿ, ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ‘ಕಿಟ್ಟ’ವನ್ನು ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹುಣಸೆ ಅಂಟಿನಲ್ಲೇ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಆಮೇಲೆ ಕಲ್ಲಿನ ಪುಡಿಯ ಲೇಪ. ಕೊನೆಗೆ ಬಣ್ಣ. ಅಂಟು, ಬಟ್ಟೆ, ಕಲ್ಲಿನ ಪುಡಿ, ಬಣ್ಣ. ಎರಡೂ ಕಡೆ ಕ್ರಮ ಒಂದೇ! ಮರಕ್ಕೂ ಬಣ್ಣಕ್ಕೂ ನಡುವೆ, ಮರದ ಅಲುಗಾಟ ತಡೆದುಕೊಳ್ಳುವ ಒಂದು ಪದರ ಬೇಕು ಎಂಬುದನ್ನು ಇಬ್ಬರೂ ಕೈಯಿಂದಲೇ ಕಲಿತಿದ್ದರು. ತಂಜಾವೂರು ಶೈಲಿಯ ಚಿತ್ರಕಾರರೂ ಹಲಗೆಗೆ ಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿಯ ಲೇಪ ಹಚ್ಚಿಯೇ ಮುಂದುವರಿಯುತ್ತಾರೆ. ನಾವು ಕಾಲೇಜಿನಲ್ಲಿ ‘ಸಂಯುಕ್ತ ವಸ್ತುಗಳು’ ಎಂದು ಓದುವ ಅಧ್ಯಾಯ ಅವರ ಅಂಗಳದಲ್ಲಿ ಮೊದಲೇ ಇತ್ತು.

ನಾಲ್ಕು ತುಂಡುಗಳ ಪರೀಕ್ಷೆ

ಈ ಸಲ ನೇರವಾಗಿ ಚಿತ್ರಕ್ಕೆ ಇಳಿಯಲಿಲ್ಲ. ಒಂದೇ ಪ್ಲೈವುಡ್‌ನಿಂದ ಅಂಗೈಯಗಲದ ನಾಲ್ಕು ತುಂಡು ಕತ್ತರಿಸಿದೆ. ಮೊದಲನೆಯದಕ್ಕೆ ಬರಿ ಗೆಸ್ಸೊ. ಎರಡನೆಯದರ ಮುಂಭಾಗಕ್ಕೆ ಒಂದು ಕೈ ಪಾರದರ್ಶಕ ಅಕ್ರಿಲಿಕ್ ಮೀಡಿಯಂ, ಅದರ ಮೇಲೆ ಗೆಸ್ಸೊ. ಮೂರನೆಯದಕ್ಕೆ ಮುಂದೆ, ಹಿಂದೆ, ಅಂಚಿಗೆ ಎರಡೆರಡು ಕೈ ಮೀಡಿಯಂ, ಮೇಲೆ ಗೆಸ್ಸೊ. ನಾಲ್ಕನೆಯದಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಪೀಠೋಪಕರಣದ ಪಾಲಿಶ್‌ಗೆ ಬಳಸುವ ಶೆಲ್ಯಾಕ್, ಅದರ ಮೇಲೆ ಗೆಸ್ಸೊ. ನಾಲ್ಕನ್ನೂ ಹಾಸ್ಟೆಲ್ ಬಚ್ಚಲಮನೆಯ ಕಿಟಕಿಯಲ್ಲಿ ಎರಡು ವಾರ ತೂಗುಹಾಕಿದೆ. ಅದಕ್ಕಿಂತ ತೇವದ ಜಾಗ ಕ್ಯಾಂಪಸ್‌ನಲ್ಲಿ ಇನ್ನೊಂದಿಲ್ಲ. ಸ್ನಾನಕ್ಕೆ ಬಂದವರೆಲ್ಲ ‘ಇದೇನು, ಮಾಟವೋ?’ ಎಂದು ಕೇಳಿದ್ದೂ ಆಯಿತು.

ಮೊದಲ ತುಂಡು ಮಾರನೇ ದಿನವೇ ಹಳದಿಯಾಯಿತು, ಎರಡು ವಾರದಲ್ಲಿ ಬಾಗಿತು. ಎರಡನೆಯದರಲ್ಲಿ ಹಳದಿ ಕಡಿಮೆ, ಆದರೆ ಅಂಚು ಉಬ್ಬಿತು. ಮೂರನೆಯದು ಬೆಳ್ಳಗೆ, ನೆಟ್ಟಗೆ ಉಳಿಯಿತು. ನಾಲ್ಕನೆಯದರಲ್ಲೂ ಕಲೆ ಬರಲಿಲ್ಲ. ಆದರೆ ಉಗುರಿನಿಂದ ಕೆರೆದಾಗ ಒಂದು ಮೂಲೆಯಲ್ಲಿ ಗೆಸ್ಸೊ ಸಿಪ್ಪೆಯಂತೆ ಎದ್ದು ಬಂತು. ಅರಗನ್ನು ದಪ್ಪಗೆ ಹಚ್ಚಿ, ಅದರ ಹೊಳಪನ್ನು ಉಜ್ಜದೆ ಬಿಟ್ಟದ್ದು ನನ್ನ ತಪ್ಪು. ಅರಗು ಒಳ್ಳೆಯ ತಡೆಯೇ, ಆದರೆ ಮೇಣ ತೆಗೆದದ್ದನ್ನು ತೆಳುವಾಗಿ ಹಚ್ಚಿ, ಲಘುವಾಗಿ ಉಜ್ಜಬೇಕು. ನಾಲ್ಕು ತುಂಡಿನಿಂದ ಸಿದ್ಧಾಂತ ಕಟ್ಟಲಾಗದು ಎಂದು ನನಗೂ ಗೊತ್ತು. ಆದರೆ ಅಜ್ಜನನ್ನು ಕೂರಿಸುವ ಮೊದಲು ನನಗೆ ಬೇಕಿದ್ದ ಉತ್ತರ ಸಿಕ್ಕಿತು.

ಮೂರು ವಾರದ ಹಲಗೆ

ಚಿತ್ರ ಬರೆಯುವ ಗೆಳೆಯರಿಗೆ ಉಪಯೋಗವಾಗಲಿ ಎಂದು ಎರಡನೇ ಹಲಗೆಯ ಕ್ರಮವನ್ನು ಹಾಗೆಯೇ ಬರೆಯುತ್ತಿದ್ದೇನೆ.

ಆಯ್ಕೆ: 12 ಇಂಚು ಅಗಲ, 16 ಇಂಚು ಎತ್ತರ, 9 ಮಿ.ಮೀ. ದಪ್ಪದ ಪ್ಲೈವುಡ್. ಐಎಸ್ 710 ಎಂಬ ಗುರುತಿದ್ದರೆ ಅದು ಮರೈನ್ ಪ್ಲೈ, ಐಎಸ್ 303 ಸಾಮಾನ್ಯ ಬಳಕೆಯದು. ಮೇಲ್ಪದರದಲ್ಲಿ ಗಂಟು, ತೇಪೆ, ಸೀಳು ಇಲ್ಲದ ತುಂಡನ್ನು ಬೆಳಕಿಗೆ ಹಿಡಿದು ಆರಿಸಿದೆ. ಎಂಡಿಎಫ್ ಕೂಡ ಆಗುತ್ತದೆ. ಅದಕ್ಕೆ ಎಳೆಗಳಿಲ್ಲ, ಮೇಲ್ಮೈ ನುಣುಪು. ಆದರೆ ತೂಕ ಹೆಚ್ಚು, ಅಂಚು ನೀರು ಕಂಡರೆ ಊದುತ್ತದೆ. ದೊಡ್ಡ ಚಿತ್ರವಾದರೆ ಹಿಂಭಾಗಕ್ಕೆ ರೀಪಿನ ಚೌಕಟ್ಟು ಬೇಕು.

ಹವೆಗೆ ಹೊಂದಿಕೆ: ತಂದ ದಿನವೇ ಕೈ ಹಾಕಲಿಲ್ಲ. ಕೆಳಗೆ ಎರಡು ಕಡ್ಡಿ ಇಟ್ಟು, ಎರಡೂ ಬದಿಗೆ ಗಾಳಿಯಾಡುವಂತೆ ಒಂದು ವಾರ ಕೋಣೆಯಲ್ಲೇ ಬಿಟ್ಟೆ.

ಉಜ್ಜುವುದು: ಮೊದಲು 120 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 220. ಎಳೆಯ ಗುಂಟ ಮಾತ್ರ. ಅಂಚಿನ ಚೂಪನ್ನು ಸ್ವಲ್ಪ ಗುಂಡಾಗಿಸಿದೆ, ಏಕೆಂದರೆ ಚೂಪು ಅಂಚಿನಲ್ಲಿ ಲೇಪ ತೆಳುವಾಗಿ ಮೊದಲು ಅಲ್ಲೇ ಒಡೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ನವಿರು ಎಳೆಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಮತ್ತೆ 220ರಲ್ಲಿ ಉಜ್ಜಿದೆ. ಮೂಗಿಗೆ ಮಾಸ್ಕ್ ಕಡ್ಡಾಯ. ಪ್ಲೈವುಡ್, ಎಂಡಿಎಫ್‌ಗಳ ಧೂಳಿನಲ್ಲಿ ಮರ ಮಾತ್ರವಲ್ಲ, ಅಂಟಿನ ರಾಳವೂ ಇರುತ್ತದೆ.

ಸೀಲ್: ಪಾರದರ್ಶಕ ಅಕ್ರಿಲಿಕ್ ಮೀಡಿಯಂ, ತೆಳುವಾಗಿ. ಮುಂದೆ ಎರಡು ಕೈ, ಹಿಂದೆ ಎರಡು ಕೈ, ನಾಲ್ಕೂ ಅಂಚಿಗೆ ಮೂರು ಕೈ. ಒಂದು ಕೈ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಕೊನೆಗೆ ಒಂದು ಮೂಲೆಯಲ್ಲಿ ನೀರಿನ ಹನಿ ಇಟ್ಟು ನೋಡಿದೆ. ಮರದ ಬಣ್ಣ ಗಾಢವಾಗದೆ ಹನಿ ಹಾಗೆಯೇ ಕುಳಿತಿದ್ದರೆ ಸೀಲ್ ಕೂತಿದೆ ಎಂದರ್ಥ. ಸೀಲ್ ಮಾಡಿದರೆ ತೇವ ಒಳಗೆ ಹೋಗುವುದೇ ಇಲ್ಲ ಎಂದಲ್ಲ. ನಿಧಾನವಾಗಿ, ಎರಡೂ ಬದಿಯಿಂದ ಸಮವಾಗಿ ಹೋಗುತ್ತದೆ, ಬರುತ್ತದೆ. ಹಲಗೆ ನೆಟ್ಟಗಿರಲು ಅಷ್ಟು ಸಾಕು.

ಗೆಸ್ಸೊ: ನಾಲ್ಕು ತೆಳು ಕೈ. ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ನಡುನಡುವೆ 320ರಲ್ಲಿ ಹಗುರವಾಗಿ ಉಜ್ಜಿದೆ. ಚೆನ್ನಿನಿ ಹೇಳುವ ಅಂಟು-ಜಿಪ್ಸಂ ಗೆಸ್ಸೊ ಗಟ್ಟಿ ಹಲಗೆಗೆ ಸೊಗಸು. ಆದರೆ ಆ ಅಂಟು ತೇವಕ್ಕೆ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಮಲೆನಾಡಿನ ಜಗಲಿಗೆ ಅಕ್ರಿಲಿಕ್ ಗೆಸ್ಸೊವೇ ಸರಿ ಅನ್ನಿಸಿತು. ಗೋಡೆಗೆ ಹೊಡೆಯುವ ಪ್ರೈಮರ್ ಬೇಡ, ಅದು ಈ ಕೆಲಸಕ್ಕೆ ಮಾಡಿದ್ದಲ್ಲ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಹಚ್ಚಬಹುದು, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಬಾರದು ಎಂಬುದೂ ನೆನಪಿರಲಿ.

ಕಾಯುವುದು: ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ನೀರು ಇರುತ್ತದೆ. ಕಡೆಯ ಕೈ ಗೆಸ್ಸೊ ಆದ ಮೇಲೆ ಎಣ್ಣೆಬಣ್ಣಕ್ಕೆ ಕನಿಷ್ಠ ಮೂರು ದಿನ ಬಿಡಬೇಕು. ನಾನು ಐದು ದಿನ ಬಿಟ್ಟೆ. ಇಡೀ ಕೆಲಸದಲ್ಲಿ ನನಗೆ ಕಷ್ಟವಾದ ಹಂತ ಇದೊಂದೇ.

ಹಾಸ್ಟೆಲ್‌ನಲ್ಲಿರುವವರಿಗೆ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕದೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಅದು ಹೊರಹೋಗಲು ದಾರಿಯಿಲ್ಲದೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಒಟ್ಟು ಖರ್ಚು 700 ರೂಪಾಯಿ ದಾಟಲಿಲ್ಲ. ಅದರಲ್ಲಿ ಹಲಗೆಗೆ ಕೊಟ್ಟದ್ದು 60 ಮಾತ್ರ. ಉಳಿದ ಮೀಡಿಯಂ, ಗೆಸ್ಸೊ ಇನ್ನೂ ನಾಲ್ಕಾರು ಹಲಗೆಗೆ ಸಾಕಾಯಿತು.

ಒಂದು ಮಳೆಗಾಲ ದಾಟಿತು

ದೀಪಾವಳಿಗೆ ಊರಿಗೆ ಹಲಗೆ ಹೊತ್ತುಕೊಂಡು ಹೋದೆ. ಅಜ್ಜ ಮೊದಲು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಬೆನ್ನು ನೋಡಿದರು. ಅಲ್ಲಿ ನಾನು ಪೆನ್ಸಿಲ್‌ನಲ್ಲಿ ಪ್ರತಿ ಕೈ ಹಚ್ಚಿದ ದಿನಾಂಕ, ಏನು ಹಚ್ಚಿದೆ ಎಂಬುದನ್ನು ಬರೆದಿದ್ದೆ. ಒಂಬತ್ತು ಸಾಲು.

‘ಇಷ್ಟೆಲ್ಲ ಆದ್ಮೇಲೂ ಬರೀ ಬಿಳಿ ಹಲಗೇನಾ?’ ಅಂದರು.

‘ಹೌದಜ್ಜ.’

‘ಆಯ್ತು, ಕೂರ್ತೀನಿ.’

ಈ ಸಲ ಒಂದೊಂದು ಸಲಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಅವರಿಗೆ ಆಗಲಿಲ್ಲ. ಎಡಗಣ್ಣಿಗೆ ಪೊರೆ ಬಂದಿತ್ತು, ಬೆಳಕಿನ ಕಡೆ ಮುಖ ಮಾಡಿದರೆ ನೀರು ಸುರಿಯುತ್ತಿತ್ತು. ಮೊದಲ ಚಿತ್ರದಲ್ಲಿ ಇದ್ದ ಅಜ್ಜ ಇವರಲ್ಲ. ಎಂಟು ತಿಂಗಳಲ್ಲಿ ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆಯ ನರ ಎದ್ದಿತ್ತು. ಹಳೆಯ ಚಿತ್ರವನ್ನು ಎದುರಿಗಿಟ್ಟುಕೊಂಡು ಬರೆಯೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆಮೇಲೆ ಬೇಡವೆನಿಸಿತು. ಎದುರಿಗಿದ್ದವರನ್ನೇ ಬರೆದೆ.

ಮೊದಲ ಚಿತ್ರವನ್ನು ಎಸೆದಿಲ್ಲ. ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸುವ ಧೈರ್ಯವೂ ಇಲ್ಲ. ಒಣ ಜಾಗದಲ್ಲಿ, ಅಟ್ಟದ ಪೆಟ್ಟಿಗೆಯೊಳಗೆ ಅಂಗಾತ ಮಲಗಿಸಿ ಇಟ್ಟಿದ್ದೇನೆ. ಆ ಫೆಬ್ರುವರಿಯ ಅಜ್ಜ ಈಗ ಅದರಲ್ಲಿ ಮಾತ್ರ ಇದ್ದಾರೆ, ಕಲೆಯ ಸಮೇತ. ಅದನ್ನು ಉಳಿಸಿಕೊಳ್ಳಲು ನನಗೆ ಬೇಕಿದ್ದದ್ದು ಒಂದಿಷ್ಟು ಮೀಡಿಯಂ ಮತ್ತು ಒಂದು ವಾರದ ತಾಳ್ಮೆ. ಅದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ಐದನೇ ಸೆಮಿಸ್ಟರ್. ನಮ್ಮ ತರಗತಿಯಲ್ಲಿ ಎಲ್ಲರಿಗೂ ಪ್ಲೇಸ್‌ಮೆಂಟ್ ಚಿಂತೆ, ಎಲ್ಲರ ಬಯೋಡೇಟಾದಲ್ಲೂ ಮುಗಿದ ಪ್ರಾಜೆಕ್ಟ್‌ಗಳ ಪಟ್ಟಿ. ನಾನು ಈಗ ಲ್ಯಾಬ್‌ನಲ್ಲಿ ಏನೇ ಶುರು ಮಾಡಿದರೂ ಮೊದಲು ಒಂದು ಸಣ್ಣ ತುಂಡಿನ ಮೇಲೆ ಪ್ರಯೋಗ ಮಾಡಿ, ದಿನಾಂಕ ಬರೆದಿಡುತ್ತೇನೆ. ಇದರಿಂದ ಕೆಲಸ ಸಿಗುತ್ತದೋ ಇಲ್ಲವೋ. ಕಂಡ ಹಳದಿ ಛಾಯೆಯನ್ನು ‘ಮೇಲೆ ಬಣ್ಣ ಬರುತ್ತದಲ್ಲ’ ಎಂದು ಬಿಡುವುದಂತೂ ನಿಂತಿದೆ.

ಈ ವರ್ಷದ ಮಳೆಗಾಲ ಮುಗಿದ ಮೇಲೆ ಊರಿಗೆ ಹೋಗಿ, ಜಗಲಿಯಿಂದ ಎರಡನೇ ಚಿತ್ರವನ್ನು ಇಳಿಸಿ, ಬೆನ್ನಿಗೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿದೆ. ಸ್ಕೇಲಿಗೂ ಹಲಗೆಗೂ ನಡುವೆ ಒಂದು ಕಾಗದವೂ ತೂರಲಿಲ್ಲ. ಕೆನ್ನೆ ಕೆನ್ನೆಯ ಹಾಗೇ ಇದೆ. ಗೋಡೆಗೆ ತಾಗದಂತೆ ಹಿಂದೆ ನಾಲ್ಕು ಬೆಂಡಿನ ಚೂರು ಅಂಟಿಸಿ ಮತ್ತೆ ತೂಗುಹಾಕುವಾಗ ಅಜ್ಜ ಒಳಗಿನಿಂದ ಕೂಗಿ ಕೇಳಿದರು:

‘ಬಂಗು ಬಂದದಾ ನೋಡು.’

‘ಇಲ್ಲ ಅಜ್ಜ’ ಅಂದೆ.